ನರಕ್ಷಯ ಕಾಯಿಲೆಯಿರುವ ಮನೆಗಳ ಜೊತೆ ಕೆಲಸ: ಸಮುದಾಯ ಕಾರ್ಯಕರ್ತರಾಗಲು ಬಯಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಡಿಮೆನ್ಷಿಯಾ (ಮರೆವಿನ ಕಾಯಿಲೆ), ಪಾರ್ಕಿನ್ಸನ್, ಮೋಟಾರ್ ನ್ಯೂರಾನ್, ಹಂಟಿಂಗ್ಟನ್ ಮುಂತಾದ ನರಕ್ಷಯ ಕಾಯಿಲೆಗಳಿರುವವರ ಕುಟುಂಬಗಳ ಜೊತೆ ಕರ್ನಾಟಕದ ಊರುಕೇರಿಗಳಲ್ಲಿ ಕೆಲಸ ಮಾಡಬೇಕೆಂದು ಬರುವವರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಸಮಾಜಕಾರ್ಯ ಓದಿದವರು, ನರ್ಸಿಂಗ್ ಮಾಡಿದವರು, ತಮ್ಮದೇ ಮನೆಯ ಹಿರಿಯರನ್ನು ವರ್ಷಗಟ್ಟಲೆ ನೋಡಿಕೊಂಡು ಆ ಅನುಭವ ಮತ್ತೊಬ್ಬರಿಗೆ ಒದಗಲಿ ಎಂದು ಬಂದವರು, ಹೀಗೆ ಅವರು ನಾನಾ ದಾರಿಯಿಂದ ಬರುತ್ತಾರೆ. ಮನೆಭೇಟಿಗಳಲ್ಲಿ ಕಲಿತದ್ದನ್ನು ಆಧರಿಸಿ ಅವರಿಗಾಗಿ ಈ ಉತ್ತರಗಳನ್ನು ಬರೆದಿದ್ದೇನೆ.

ಈ ಕೆಲಸವೆಂದರೆ ನಿಖರವಾಗಿ ಏನು?

ವೈದ್ಯರು ಕಾಯಿಲೆಯ ಹೆಸರು ಹೇಳಿ ಔಷಧಿ ಚೀಟಿ ಬರೆದುಕೊಟ್ಟ ನಂತರ, ಮುಂದಿನ ತಪಾಸಣೆಯವರೆಗಿನ ಮೂರು ತಿಂಗಳೋ ಆರು ತಿಂಗಳೋ ಆ ಕಾಯಿಲೆ ಇರುವುದು ಮನೆಯಲ್ಲಿಯೇ. ಆ ಅವಧಿಯಲ್ಲಿ ಅಜ್ಜ ಸ್ನಾನಕ್ಕೆ ಒಪ್ಪುವುದಿಲ್ಲ, ಅಜ್ಜಿ ರಾತ್ರಿ ಎರಡು ಗಂಟೆಗೆ ಎದ್ದು ಬಾಗಿಲ ಅಗುಳಿ ತೆಗೆಯುತ್ತಾರೆ, ಮಗನಿಗೂ ಮಗಳಿಗೂ ಖರ್ಚಿನ ವಿಷಯದಲ್ಲಿ ಮಾತು ಬೆಳೆಯುತ್ತದೆ, ಹಗಲೂ ರಾತ್ರಿ ಜೊತೆಗಿರುವ ಹೆಂಡತಿಗೋ ಸೊಸೆಗೋ ತಿಂಗಳುಗಟ್ಟಲೆ ಕಣ್ತುಂಬ ನಿದ್ದೆಯಿರುವುದಿಲ್ಲ. ಆಗ ಆ ಮನೆಗೆ ಹೋಗಿ ಬರುತ್ತಾ, ಮುಂದೆ ಏನೇನು ಎದುರಾಗಬಹುದೆಂದು ಮೊದಲೇ ತಿಳಿಸಿ, ಅದಕ್ಕೆ ಬೇಕಾದ ಏರ್ಪಾಡನ್ನು ಮನೆಯವರೊಡನೆ ಕೂತು ಮಾಡಿ, ಆಸ್ಪತ್ರೆ, ಬ್ಯಾಂಕು, ತಾಲ್ಲೂಕು ಕಚೇರಿ, ನೆಂಟರಿಷ್ಟರು ಇವರೆಲ್ಲರ ನಡುವೆ ಆ ಕುಟುಂಬ ಒಂಟಿಯಾಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ನಾವು ಕಾಯಿಲೆ ಪತ್ತೆಹಚ್ಚುವುದಿಲ್ಲ, ಔಷಧಿಯ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡುವುದಿಲ್ಲ. ಇಷ್ಟು ವರ್ಷಗಳಲ್ಲಿ ನಾನು ಕಂಡುಕೊಂಡದ್ದು ಇದು: ಪ್ರತಿ ಮನೆಯಲ್ಲೂ ಆರೈಕೆಯ ಭಾರ ಕೊನೆಗೆ ಒಬ್ಬರ ಹೆಗಲ ಮೇಲೆ, ಹೆಚ್ಚಾಗಿ ಒಬ್ಬ ಹೆಂಗಸಿನ ಹೆಗಲ ಮೇಲೆ ಬಂದು ನಿಲ್ಲುತ್ತದೆ, ಮತ್ತು ಆಕೆ ಕುಸಿಯದಂತೆ ನೋಡಿಕೊಂಡರೆ ಮಾತ್ರ ಕಾಯಿಲೆಯವರ ಆರೈಕೆಯೂ ಕೆಡದೆ ಉಳಿಯುತ್ತದೆ. ಕೆಳಗಿನ ಹೆಚ್ಚಿನ ಉತ್ತರಗಳು ಈ ಮಾತನ್ನೇ ಹಿಡಿದು ಸಾಗುತ್ತವೆ.

ಯಾವ ಕಾಯಿಲೆಗಳು ಇದರಲ್ಲಿ ಸೇರುತ್ತವೆ?

ಮಿದುಳಿನ ಅಥವಾ ಬೆನ್ನುಹುರಿಯ ನರಕೋಶಗಳು ಕ್ರಮೇಣ ಕ್ಷೀಣಿಸುತ್ತಾ ಹೋಗುವ, ಈವರೆಗೆ ಪೂರ್ಣವಾಗಿ ಗುಣಪಡಿಸಲಾಗದ ಕಾಯಿಲೆಗಳು ಇವು. ಅಲ್ಜೈಮರ್ ಮತ್ತು ಇತರ ಬಗೆಯ ಡಿಮೆನ್ಷಿಯಾ, ಮೈ ನಡುಗಿಸಿ ಬಿಗಿಯುವ ಪಾರ್ಕಿನ್ಸನ್, ಸ್ನಾಯುಗಳ ಬಲ ಕುಗ್ಗಿಸುತ್ತಾ ಹೋಗುವ ಮೋಟಾರ್ ನ್ಯೂರಾನ್ ಕಾಯಿಲೆ, ಮೈ ತಾನಾಗಿ ಹೊಯ್ದಾಡುವಂತೆ ಮಾಡುವ ವಂಶವಾಹಿ ಕಾಯಿಲೆ ಹಂಟಿಂಗ್ಟನ್, ನಡಿಗೆಯ ಸಮತೋಲ ತಪ್ಪಿಸುವ ವಂಶವಾಹಿ ಅಟಾಕ್ಸಿಯಾಗಳು ಇವುಗಳಲ್ಲಿ ಮುಖ್ಯವಾದವು. ಡಿಮೆನ್ಷಿಯಾದ ಮನೆಗಳೇ ಎಲ್ಲಕ್ಕಿಂತ ಹೆಚ್ಚು. ಹಿರಿಯ ನಾಗರಿಕರನ್ನು ಕುರಿತ ರಾಷ್ಟ್ರವ್ಯಾಪಿ ಅಧ್ಯಯನವೊಂದರ ಭಾಗವಾಗಿ ನಡೆದು 2023ರಲ್ಲಿ ಪ್ರಕಟವಾದ ಅಂದಾಜಿನಂತೆ, ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇಕಡಾ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ನಗರಕ್ಕಿಂತ ಹಳ್ಳಿಗಳಲ್ಲಿ ಈ ಪ್ರಮಾಣ ಹೆಚ್ಚು. ತಜ್ಞ ವೈದ್ಯರು ನಗರಗಳಲ್ಲಿದ್ದಾರೆ, ಕಾಯಿಲೆಯವರು ಹಳ್ಳಿಗಳಲ್ಲಿದ್ದಾರೆ ಎಂಬುದನ್ನು ನೆನೆದರೆ ಮನೆಗೇ ಹೋಗುವ ಕಾರ್ಯಕರ್ತರು ಏಕೆ ಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಒಂದು ಪದದ ವಿಷಯ. ಡಿಮೆನ್ಷಿಯಾವನ್ನು ಕೆಲವರು ‘ಬುದ್ಧಿಮಾಂದ್ಯತೆ’ ಎಂದು ಬರೆಯುತ್ತಾರೆ. ಅದು ಹುಟ್ಟಿನಿಂದ ಅಥವಾ ಬಾಲ್ಯದಿಂದ ಬರುವ ಬೇರೊಂದು ಸ್ಥಿತಿಗೆ ಸಲ್ಲುತ್ತಿದ್ದ ಹೆಸರು. ನಲವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದ ಮೇಷ್ಟರ ಮನೆಯಲ್ಲಿ ಆ ಪದ ಬಳಸಿದರೆ ಮಕ್ಕಳಿಗೆ ನೋವಾಗುತ್ತದೆ, ಮಾಹಿತಿಯೂ ತಪ್ಪಾಗುತ್ತದೆ. ‘ಮರೆವಿನ ಕಾಯಿಲೆ’ ಎನ್ನಿ, ಇಲ್ಲವೇ ಡಿಮೆನ್ಷಿಯಾ ಎಂದೇ ಹೇಳಿ.

ಸರ್ಕಾರದ ವ್ಯವಸ್ಥೆಯಲ್ಲಿ ಈ ಕೆಲಸಕ್ಕೆ ಎಲ್ಲಿ ನೆಲೆಯಿದೆ?

ಮಾನಸಿಕ ಆರೋಗ್ಯವನ್ನು ಆಸ್ಪತ್ರೆಯ ಗೋಡೆಯಿಂದಾಚೆಗೆ ತರುವ ಪ್ರಯತ್ನಕ್ಕೆ ಕರ್ನಾಟಕದಲ್ಲಿ ಹಳೆಯ ಬೇರುಗಳಿವೆ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರು ಸಿಗುವಂತೆ ಮಾಡುವ ಮನೋಚೈತನ್ಯ ಕಾರ್ಯಕ್ರಮವನ್ನು ನೀವು ಕೇಳಿರಬಹುದು. 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮವನ್ನು ಆರಂಭಿಸಿತು. ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನಲ್ಲಿ ಮೊದಲು ತೆರೆದ ಮಿದುಳು ಆರೋಗ್ಯ ಚಿಕಿತ್ಸಾಲಯಗಳಲ್ಲಿ ಡಿಮೆನ್ಷಿಯಾ, ಪಾರ್ಶ್ವವಾಯು, ಅಪಸ್ಮಾರ ಮುಂತಾದವನ್ನು ಜಿಲ್ಲಾ ಮಟ್ಟದಲ್ಲೇ ನೋಡುವ ಏರ್ಪಾಡಾಯಿತು. ಇವುಗಳ ಜೊತೆಗೆ ಸ್ವಯಂಸೇವಾ ಸಂಸ್ಥೆಗಳಿವೆ. 1992ರಲ್ಲಿ ಕೇರಳದಲ್ಲಿ ಹುಟ್ಟಿದ ಅಲ್ಜೈಮರ್ ಮತ್ತು ಸಂಬಂಧಿತ ಕಾಯಿಲೆಗಳ ಭಾರತೀಯ ಸೊಸೈಟಿಗೆ ಹಲವು ಊರುಗಳಲ್ಲಿ ಶಾಖೆಗಳಿವೆ, ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಹಿರಿಯರಿಗಾಗಿ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದೆ. ನಿಮ್ಮ ಕೆಲಸದ ಆದೇಶ ಪತ್ರ ಇವುಗಳಲ್ಲಿ ಯಾವುದರಿಂದ ಬಂದರೂ, ಊರಿನ ಆಶಾ ಕಾರ್ಯಕರ್ತೆಯ ಪರಿಚಯ ಮಾಡಿಕೊಳ್ಳದೆ ಕೆಲಸ ನಡೆಯುವುದಿಲ್ಲ. ಯಾವ ಮನೆಯ ಅಜ್ಜಿ ಆರು ತಿಂಗಳಿಂದ ಹೊರಗೆ ಬಂದಿಲ್ಲ ಎಂಬುದು ಆಕೆಗೆ ಗೊತ್ತಿರುತ್ತದೆ.

ಯಾವ ಓದು ಬೇಕು? ಸಂಬಳ ಹೇಗಿರುತ್ತದೆ?

ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ, ನರ್ಸಿಂಗ್, ಮನಶ್ಶಾಸ್ತ್ರ, ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ, ಇವುಗಳಲ್ಲಿ ಯಾವುದಿದ್ದರೂ ಒಳಗೆ ಬರಲು ದಾರಿಯಿದೆ. ಮನೋಸಾಮಾಜಿಕ ಕ್ಷೇತ್ರದಲ್ಲಿ ಆಳವಾಗಿ ಓದಬೇಕೆನ್ನುವವರಿಗೆ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್ ಇವೆ. ಸಂಬಳ, ಜವಾಬ್ದಾರಿಗೆ ತಕ್ಕಷ್ಟಿಲ್ಲ. ಅನೇಕ ಹುದ್ದೆಗಳು ವರ್ಷ ವರ್ಷ ನವೀಕರಿಸಬೇಕಾದ ಗುತ್ತಿಗೆಯವು, ಮತ್ತು ಇದು ಸರಿಯಲ್ಲವೆಂದು ನಾನು ನಂಬುತ್ತೇನೆ. ಏಕೆಂದರೆ ಎಂಟು ಹತ್ತು ವರ್ಷ ನಡೆಯುವ ಕಾಯಿಲೆಯ ಮನೆಗೆ ವರ್ಷಕ್ಕೊಬ್ಬ ಹೊಸ ಕಾರ್ಯಕರ್ತ ಬಂದರೆ ಆ ಕುಟುಂಬ ತನ್ನ ಕಥೆಯನ್ನು ಮತ್ತೆ ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ.

ಮೊದಲ ಭೇಟಿಯಲ್ಲಿ ಏನು ಮಾಡಬೇಕು?

ಕಡಿಮೆ ಮಾತನಾಡಬೇಕು. ಅರ್ಜಿ ನಮೂನೆಯನ್ನು ಚೀಲದಿಂದ ಹೊರಗೆ ತೆಗೆಯುವ ಮುಂಚೆ ಕೊಟ್ಟ ಕಾಫಿಯನ್ನೋ ಮಜ್ಜಿಗೆಯನ್ನೋ ಕುಡಿದು, ಕಾಯಿಲೆಯವರನ್ನು ಆ ಮನೆಯಲ್ಲಿ ಹೇಗೆ ಕರೆಯುತ್ತಾರೋ ಹಾಗೆಯೇ, ಯಜಮಾನರೆಂದೋ ಅಜ್ಜಾರೆಂದೋ ಅವ್ವಾರೆಂದೋ ಕರೆದು, ನೇರವಾಗಿ ಅವರ ಜೊತೆಗೇ ಮಾತು ಆರಂಭಿಸಬೇಕು. ಅವರು ಎದುರಿಗೇ ಕೂತಿರುವಾಗ “ಇವರು ಊಟ ಮಾಡ್ತಾರಾ?” ಎಂದು ಪಕ್ಕದವರನ್ನು ಕೇಳುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಮಾತು ಕಳೆದುಕೊಂಡವರಿಗೂ ಅವಮಾನ ತಿಳಿಯುತ್ತದೆ.

ಮಾತಿನ ನಡುವೆ ಮನೆಯನ್ನು ಕಣ್ಣಿನಿಂದ ಓದಿಕೊಳ್ಳಿ. ಬಚ್ಚಲಿನ ನೆಲ ಜಾರುತ್ತದೆಯೆ, ಪಾಯಿಖಾನೆ ಮನೆಯ ಹಿಂದೆ ಎಷ್ಟು ದೂರವಿದೆ, ಕುಕ್ಕರುಗಾಲಿನಲ್ಲಿ ಕೂರಬೇಕಾದದ್ದೇ, ಹೊಸ್ತಿಲು ಎಷ್ಟು ಎತ್ತರ, ಗ್ಯಾಸ್ ಸಿಲಿಂಡರಿನ ಗುಂಡಿ ಯಾರ ಕೈಗೆ ಸಿಗುತ್ತದೆ, ಬಾವಿಗೆ ಕಟ್ಟೆಯಿದೆಯೆ, ಕೀಟನಾಶಕದ ಡಬ್ಬಿ ಎಲ್ಲಿದೆ, ರಾತ್ರಿ ಕಾಯಿಲೆಯವರ ಪಕ್ಕ ಯಾರ ಹಾಸಿಗೆ ಇದೆ. ಈ ಕೊನೆಯ ಪ್ರಶ್ನೆಗೆ ಸಿಗುವ ಉತ್ತರವೇ ನೀವು ಯಾರ ಜೊತೆ ಪ್ರತ್ಯೇಕವಾಗಿ ಮಾತಾಡಬೇಕೆಂದು ತೋರಿಸಿಕೊಡುತ್ತದೆ. ಹೊರಡುವ ಹೊತ್ತಿಗೆ ಅಂಗಳದವರೆಗೆ ಬಿಡಲು ಬರುವುದು ಸಾಮಾನ್ಯವಾಗಿ ಆರೈಕೆ ಮಾಡುವ ಆ ಹೆಂಗಸೇ. ಅಲ್ಲಿ “ನೀವು ನಿನ್ನೆ ರಾತ್ರಿ ಎಷ್ಟು ಹೊತ್ತು ಮಲಗಿದ್ರಿ?” ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಆರೈಕೆಯ ಹೊರೆಯನ್ನು ಅಳೆಯಲು 22 ಪ್ರಶ್ನೆಗಳ ಝಾರಿಟ್ ಪ್ರಶ್ನಾವಳಿಯಿದೆ, ಅದನ್ನು ಎರಡನೆಯದೋ ಮೂರನೆಯದೋ ಭೇಟಿಯಲ್ಲಿ ತುಂಬಬಹುದು.

‘ಅರವತ್ತಕ್ಕೆ ಅರಳುಮರಳು’ ಎಂದು ಕುಟುಂಬವೇ ಕಾಯಿಲೆಯನ್ನು ಒಪ್ಪದಿದ್ದರೆ?

ಈ ಗಾದೆ ನಮ್ಮ ಕೆಲಸಕ್ಕೆ ದೊಡ್ಡ ಅಡ್ಡಿ. ವಯಸ್ಸಾದ ಮೇಲೆ ಎಲ್ಲರಿಗೂ ಹೀಗೆಯೇ ಎಂಬ ನಂಬಿಕೆಯಿಂದ ಕುಟುಂಬ ಎರಡು ಮೂರು ವರ್ಷ ಕಳೆದುಬಿಡುತ್ತದೆ. ವಾದ ಮಾಡಿ ಗೆಲ್ಲುವ ವಿಷಯ ಇದಲ್ಲ. ನಾನು ಸಾಮಾನ್ಯವಾಗಿ ಹೇಳುವುದು ಇಷ್ಟು: ಕನ್ನಡಕ ಎಲ್ಲಿಟ್ಟೆ ಎಂದು ಮರೆಯುವುದು ವಯಸ್ಸಿನದಿರಬಹುದು, ಆದರೆ ಐವತ್ತು ವರ್ಷ ಮಾಡಿದ ಸಾರಿಗೆ ಯಾವುದನ್ನು ಮೊದಲು ಹಾಕಬೇಕೆಂದು ತಿಳಿಯದೆ ಒಲೆಯ ಮುಂದೆ ನಿಂತುಬಿಡುವುದು ವಯಸ್ಸಿನದಲ್ಲ. ಅದರ ಜೊತೆಗೆ, ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಬಿದ್ದಾಗ ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ, ಖಿನ್ನತೆ, ಇವೂ ಮರೆವಿನಂತೆಯೇ ಕಾಣಿಸುತ್ತವೆ ಮತ್ತು ಇವುಗಳಿಗೆ ಚಿಕಿತ್ಸೆಯಿದೆ ಎಂದು ತಿಳಿಸಿದರೆ, ‘ವಾಸಿಯಾಗುವಂಥದ್ದೇನಾದರೂ ಇದ್ದರೆ’ ಎಂಬ ಆಸೆಯಿಂದ ಮನೆಯವರು ತಪಾಸಣೆಗೆ ಒಪ್ಪುತ್ತಾರೆ. ಅಡೆನ್‌ಬ್ರೂಕ್ ಅರಿವಿನ ಪರೀಕ್ಷೆಯ ಕನ್ನಡ ರೂಪ ಸಿದ್ಧವಾಗಿರುವುದರಿಂದ ಇಂಗ್ಲಿಷ್ ಬಾರದ ಹಿರಿಯರನ್ನೂ ಈಗ ಸರಿಯಾಗಿ ಪರೀಕ್ಷಿಸಬಹುದು.

ಹರಕೆ, ತಾಯತ, ಶಾಂತಿ ಮಾಡಿಸುವವರನ್ನು ನಾನು ತಡೆಯುವುದಿಲ್ಲ. ಔಷಧಿ ನಿಲ್ಲಿಸಬಾರದು, ಉಪವಾಸ ಕೆಡವಬಾರದು, ಮೈಮೇಲೆ ಗಾಯವಾಗುವಂಥದ್ದು ಏನೂ ನಡೆಯಬಾರದು ಎಂಬ ಮೂರು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ.

ಒಂದು ಎಚ್ಚರಿಕೆ: ನಿಧಾನವಾಗಿ ಸಾಗುತ್ತಿದ್ದ ಮರೆವು ಎರಡೇ ದಿನದಲ್ಲಿ ವಿಪರೀತವಾದರೆ ಅದು ಕಾಯಿಲೆ ಬೆಳೆದದ್ದಲ್ಲ. ಮೂತ್ರದ ಸೋಂಕು, ನ್ಯುಮೋನಿಯಾ, ಮಲಬದ್ಧತೆ, ಹೊಸ ಮಾತ್ರೆ, ತಲೆಗೆ ಬಿದ್ದ ಪೆಟ್ಟು ಇವುಗಳಲ್ಲಿ ಒಂದಿರಬಹುದು. ಅದೇ ದಿನ ವೈದ್ಯರಿಗೆ ತೋರಿಸಬೇಕು.

ಅತ್ತೆ ಸೊಸೆಯ ಮೇಲೆ ಕಳ್ಳತನದ ಆಪಾದನೆ ಹೊರಿಸುತ್ತಿದ್ದಾರೆ. ನಾವು ಏನು ಹೇಳಬೇಕು?

ಬಳೆ ಕಾಣೆಯಾಗಿದೆ, ಸೊಸೆಯೇ ತವರಿಗೆ ಸಾಗಿಸಿದ್ದಾಳೆ. ಈ ಮಾತನ್ನು ನಾನು ಎಷ್ಟು ಮನೆಗಳಲ್ಲಿ ಕೇಳಿದ್ದೇನೆಂದರೆ, ಈಗ ಮರೆವಿನ ಕಾಯಿಲೆಯ ಮನೆಗೆ ಮೊದಲ ಸಲ ಹೋದಾಗಲೇ ಇಂಥದ್ದು ಬರಬಹುದೆಂದು ತಿಳಿಸಿಬಿಡುತ್ತೇನೆ. ಎಲ್ಲಿ ಇಟ್ಟೆನೆಂಬ ನೆನಪು ಅಳಿಸಿಹೋದಾಗ, ಮನಸ್ಸು ಆ ಖಾಲಿ ಜಾಗವನ್ನು ‘ಯಾರೋ ತೆಗೆದಿದ್ದಾರೆ’ ಎಂಬ ಕಾರಣದಿಂದ ತುಂಬಿಕೊಳ್ಳುತ್ತದೆ. ಸದಾ ಹತ್ತಿರ ಇರುವವರೇ ಆ ‘ಯಾರೋ’ ಆಗುತ್ತಾರೆ. ಮೊದಲೇ ಇದ್ದ ಅತ್ತೆ ಸೊಸೆಯ ಮನಸ್ತಾಪವನ್ನು ಇದು ಕೆದಕುತ್ತದೆ. ನೆರೆಹೊರೆ ನಂಬುತ್ತದೆ, ಕೆಲವೊಮ್ಮೆ ಗಂಡನೂ ನಂಬುತ್ತಾನೆ.

ಇಲ್ಲಿ ನಮ್ಮ ಕೆಲಸ ಎರಡು. ಗಂಡ, ನಾದಿನಿ, ಮೈದುನ ಎಲ್ಲರೂ ಇರುವಾಗ, ಸೊಸೆಯ ಎದುರಿನಲ್ಲೇ, ಇದು ಕಾಯಿಲೆಯ ಲಕ್ಷಣವೆಂದು ಸ್ಪಷ್ಟವಾಗಿ ಹೇಳುವುದು ಮೊದಲನೆಯದು. ಆಕೆಗೆ ಒಬ್ಬಳಿಗೇ ಗುಟ್ಟಾಗಿ ಸಮಾಧಾನ ಹೇಳಿ ಬಂದರೆ ಏನೂ ಬದಲಾಗುವುದಿಲ್ಲ. ಎರಡನೆಯದು, ಹುಡುಕುವ ಉಪಾಯ ಕಲಿಸುವುದು. ಅಕ್ಕಿ ಡಬ್ಬ, ದೇವರ ಮನೆ, ದಿಂಬಿನ ಕವರು, ಮಡಿಸಿಟ್ಟ ಸೀರೆಯ ಒಳಪದರ, ಇವು ಪ್ರತಿಯೊಬ್ಬರಿಗೂ ಬೇರೆ ಬೇರೆ, ಆದರೆ ಒಬ್ಬರು ಬಚ್ಚಿಡುವ ಜಾಗಗಳು ಎರಡೋ ಮೂರೋ ಮಾತ್ರ ಇರುತ್ತವೆ. “ನಾನು ತಗೊಂಡಿಲ್ಲ” ಎಂದು ವಾದಿಸುವ ಬದಲು “ಬನ್ನಿ ಅತ್ತೆ, ಇಬ್ಬರೂ ಹುಡುಕೋಣ” ಎಂದು ಕೈಹಿಡಿದರೆ ಸಿಟ್ಟು ಇಳಿಯುತ್ತದೆ. ಅಸಲಿ ಚಿನ್ನವನ್ನು ಮಗನ ಸುಪರ್ದಿಗೆ ಕೊಟ್ಟು, ಕೈಗೆ ರೋಲ್ಡ್ ಗೋಲ್ಡ್ ಬಳೆ ತೊಡಿಸಿದ ಮನೆಗಳೂ ಇವೆ.

“ನನಗೆ ಊಟವನ್ನೇ ಹಾಕಿಲ್ಲ” ಎಂದು ಬೀದಿಯಲ್ಲಿ ಹೇಳುವುದೂ ಇದೇ ಬಗೆಯದು. ಬಟ್ಟಲನ್ನು ತಕ್ಷಣ ತೊಳೆಯದೆ ಕಣ್ಣೆದುರಿಗೆ ಇಟ್ಟಿರುವುದು, ಊಟವನ್ನು ಸಣ್ಣ ಸಣ್ಣ ಪಾಲು ಮಾಡಿ ಐದಾರು ಸಲ ಕೊಡುವುದು ಎಷ್ಟೋ ಕಡೆ ಕೆಲಸ ಮಾಡಿದೆ.

ಅವರು ಈಗ ಕನ್ನಡದಲ್ಲಿ ಮಾತನಾಡುವುದನ್ನೇ ಬಿಟ್ಟಿದ್ದಾರೆ. ಏಕೆ?

ಕರ್ನಾಟಕದ ಅನೇಕ ಮನೆಗಳಲ್ಲಿ ಎರಡು ಮೂರು ಭಾಷೆಗಳಿವೆ. ನಂತರ ಕಲಿತ ಭಾಷೆ ಮೊದಲು ಜಾರಿಹೋಗಿ, ಬಾಲ್ಯದ ತುಳುವೋ ಕೊಂಕಣಿಯೋ ತೆಲುಗೋ ಉರ್ದುವೋ ಉಳಿಯುವುದನ್ನು ನಾವು ಕಾಣುತ್ತೇವೆ. ಅಜ್ಜಿ ಮೊಂಡುತನ ಮಾಡುತ್ತಿಲ್ಲ ಎಂದು ಮೊಮ್ಮಕ್ಕಳಿಗೆ ತಿಳಿಸಿ, ನೀರು, ನೋವು, ಹಸಿವು, ಬಚ್ಚಲು, ಭಯ ಇಂಥ ಇಪ್ಪತ್ತು ಮೂವತ್ತು ಪದಗಳನ್ನು ಆ ಭಾಷೆಯಲ್ಲಿ ಬರೆದು ಗೋಡೆಗೆ ಅಂಟಿಸಿಡಿ. ಹೋಂ ನರ್ಸ್ ಹುಡುಕುವಾಗಲೂ ಈ ಭಾಷೆ ನೆನಪಿನಲ್ಲಿರಲಿ.

ಪಾರ್ಕಿನ್ಸನ್ ಇರುವ ಮನೆಯಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದದ್ದು ಏನು?

ಗಡಿಯಾರ. ಪಾರ್ಕಿನ್ಸನ್‌ಗೆ ಕೊಡುವ ಮುಖ್ಯ ಔಷಧಿಯಾದ ಲೆವೊಡೋಪಾ ಮಾತ್ರೆಯ ಹೊತ್ತು ಅರ್ಧ ಗಂಟೆ ತಪ್ಪಿದರೂ ಕೆಲವರಿಗೆ ಮೈ ಬಿಗಿದು ಹಾಸಿಗೆಯಲ್ಲಿ ಮಗ್ಗುಲಾಗಲೂ ಆಗುವುದಿಲ್ಲ. ಪ್ರೋಟೀನ್ ಹೆಚ್ಚಿರುವ ಊಟ ಈ ಔಷಧಿ ಮೈಗೆ ಹತ್ತುವುದನ್ನು ತಡೆಯುವುದರಿಂದ, ವೈದ್ಯರು ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮುಂಚೆ ಅಥವಾ ಊಟವಾಗಿ ಒಂದು ಗಂಟೆಯ ನಂತರ ತೆಗೆದುಕೊಳ್ಳಲು ಹೇಳುತ್ತಾರೆ. ‘ಹಾಲಿನ ಜೊತೆ ಮಾತ್ರೆ’ ಎಂಬ ನಮ್ಮ ಮನೆಗಳ ರೂಢಿ ಇಲ್ಲಿ ತೊಂದರೆ ಕೊಡುತ್ತದೆ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಗಲಾಟೆ ತಗ್ಗಿಸಲು ಕೊಡುವ ಹ್ಯಾಲೋಪೆರಿಡಾಲ್ ಇವು ಪಾರ್ಕಿನ್ಸನ್ ಲಕ್ಷಣಗಳನ್ನು ಹೆಚ್ಚಿಸುತ್ತವೆ. ಊರಿನ ಕ್ಲಿನಿಕ್ಕಿಗೆ ಜ್ವರಕ್ಕೆಂದು ಹೋದಾಗಲೂ ಪಾರ್ಕಿನ್ಸನ್ ಇದೆಯೆಂದು ಮೊದಲು ಹೇಳಬೇಕೆಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಡಿ.

ನಸುಗುನ್ನಿ ಬೀಜದ ಪುಡಿಯ ಬಗ್ಗೆ ಕೇಳದ ಮನೆಯಿಲ್ಲ. ಅದರಲ್ಲಿ ಲೆವೊಡೋಪಾ ಇರುವುದು ನಿಜ, ಆಯುರ್ವೇದದಲ್ಲಿ ಕಂಪವಾತಕ್ಕೆ ಅದರ ಬಳಕೆಯೂ ಹಳೆಯದು. ಆದ್ದರಿಂದಲೇ ಮಾತ್ರೆಯ ಜೊತೆಗೆ ಅದನ್ನೂ ತೆಗೆದುಕೊಂಡರೆ ಔಷಧಿಯ ಒಟ್ಟು ಪ್ರಮಾಣ ಏರಿ, ಮೈ ತಾನಾಗಿ ಹೊಯ್ದಾಡುವುದು, ಭ್ರಮೆ ಕಾಣಿಸುವುದು ಆಗಬಹುದು. ಬೈಯುವ ಅಗತ್ಯವಿಲ್ಲ, ತೆಗೆದುಕೊಳ್ಳುತ್ತಿರುವುದನ್ನು ನರರೋಗ ತಜ್ಞರಿಗೆ ಮುಚ್ಚಿಡದೆ ತಿಳಿಸುವಂತೆ ಒಪ್ಪಿಸಿದರೆ ಸಾಕು.

ಹೊಸ್ತಿಲ ಬಳಿ ಕಾಲು ನೆಲಕ್ಕೆ ಅಂಟಿದಂತಾಗಿ ನಿಂತುಬಿಡುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಆಗ ಹಿಂದಿನಿಂದ ತಳ್ಳಿದರೆ ಬೀಳುತ್ತಾರೆ. ನೆಲದ ಮೇಲೆ ಅಡ್ಡಗೆರೆಗಳಿದ್ದರೆ ಅವನ್ನು ದಾಟುವ ನೆಪದಲ್ಲಿ ಹೆಜ್ಜೆ ಬರುತ್ತದೆ. ಒಂದು ಮನೆಯಲ್ಲಿ ಕೆಂಪು ಗಾರೆ ನೆಲದ ಮೇಲೆ ಸೊಸೆ ಹಾಸಿಗೆಯಿಂದ ಬಚ್ಚಲವರೆಗೆ ಬಿಳಿ ಬಣ್ಣದಲ್ಲಿ ಗೇಣುದ್ದ ಬಿಟ್ಟು ಬಿಟ್ಟು ಗೆರೆ ಎಳೆದಿದ್ದಳು. ಮಾವ ಆ ಗೆರೆಗಳನ್ನು ಎಣಿಸುತ್ತಾ ನಡೆಯುತ್ತಿದ್ದುದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ ಕೆಲಸ ಹೇಗೆ ಬೇರೆ?

ಇಲ್ಲಿ ಸಮಯ ಬಹಳ ಕಡಿಮೆ. ಲಕ್ಷಣಗಳು ಶುರುವಾದ ಮೇಲೆ ಹೆಚ್ಚಿನವರು ಬದುಕುವುದು ಮೂರರಿಂದ ಐದು ವರ್ಷ, ಕೆಲವರು ಮಾತ್ರ ಇನ್ನೂ ಹೆಚ್ಚು. ಡಿಮೆನ್ಷಿಯಾದ ಮನೆಯಲ್ಲಿ ಒಂದು ವರ್ಷದಲ್ಲಿ ಆಡಬಹುದಾದ ಮಾತನ್ನು ಇಲ್ಲಿ ಒಂದು ತಿಂಗಳಲ್ಲಿ ಆಡಬೇಕಾಗುತ್ತದೆ. ಹೊಟ್ಟೆಗೆ ನೇರವಾಗಿ ಆಹಾರ ನಳಿಕೆ ಹಾಕಿಸುವುದಾದರೆ ಉಸಿರಾಟದ ಶಕ್ತಿ ತೀರಾ ಕುಗ್ಗುವ ಮುಂಚೆ ಹಾಕಿಸಬೇಕು, ಆದ್ದರಿಂದ ನಿರ್ಧಾರವನ್ನು ಮುಂದೂಡುವಂತಿಲ್ಲ.

ನುಂಗುವ ತೊಂದರೆಯನ್ನು ಮೊದಲು ಹಿಡಿಯಬೇಕಾದವರು ನಾವೇ. ಹಳೆಯ ಮೈಸೂರು ಭಾಗದಲ್ಲಿ ರಾಗಿಮುದ್ದೆಯನ್ನು ಅಗಿಯದೆ ನುಂಗುವ ಅಭ್ಯಾಸವಿದೆ. ಜೀವಮಾನವಿಡೀ ಮುದ್ದೆ ಉಂಡವರಿಗೆ ಅದು ಗಂಟಲಲ್ಲಿ ನಿಂತರೆ ಉಸಿರೇ ಕಟ್ಟಬಹುದು, ಇತ್ತ ತೆಳ್ಳನೆಯ ಸಾರು, ನೀರು, ಮಜ್ಜಿಗೆ ಶ್ವಾಸನಾಳಕ್ಕೆ ಇಳಿದು ಕೆಮ್ಮು ಬರುತ್ತದೆ. ಇವೆರಡರ ನಡುವಿನ ಹದ, ಅಂದರೆ ಗಟ್ಟಿ ಗಂಜಿ, ಅಂಬಲಿ, ನುಣ್ಣಗೆ ಕಲಸಿದ ಮೊಸರನ್ನದಂಥದ್ದು ಅನೇಕರಿಗೆ ಸಲೀಸು. ಆದರೆ ಯಾರಿಗೆ ಯಾವ ಹದವೆಂದು ಪರೀಕ್ಷಿಸಿ ಹೇಳಬೇಕಾದವರು ವಾಕ್ ಮತ್ತು ನುಂಗುವಿಕೆಯ ತಜ್ಞರು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ.

ಮಾತು ನಿಂತವರಿಗೆ ನಮ್ಮ ವರ್ಣಮಾಲೆ ದೊಡ್ಡ ಆಸರೆ. ಕ, ಚ, ಟ, ತ, ಪ ಎಂದು ವರ್ಗಗಳಾಗಿ ಹೊಂದಿಸಿಟ್ಟ ಲಿಪಿ ನಮ್ಮದು. ಮನೆಯವರು ಮೊದಲು ಸಾಲನ್ನು ಹೇಳುತ್ತಾ ಹೋಗಬೇಕು, ಬೇಕಾದ ಸಾಲು ಬಂದಾಗ ಅವರು ಕಣ್ಣು ಮಿಟುಕಿಸುತ್ತಾರೆ, ಆಮೇಲೆ ಆ ಸಾಲಿನ ಅಕ್ಷರಗಳು, ಕೊನೆಗೆ ಸ್ವರ. ಇಂಗ್ಲಿಷ್ ಅಕ್ಷರಗಳ ಹಲಗೆಗಾಗಿ ಹುಡುಕುತ್ತಾ ಕೂರದೆ ಒಂದು ರಟ್ಟಿನ ಮೇಲೆ ಇದನ್ನು ಬರೆದುಕೊಡಿ.

ಹಂಟಿಂಗ್ಟನ್‌ನಂಥ ವಂಶವಾಹಿ ಕಾಯಿಲೆಯಿದ್ದರೆ ಮಕ್ಕಳಿಗೆ ಏನು ಹೇಳಬೇಕು?

ತಂದೆಗೋ ತಾಯಿಗೋ ಹಂಟಿಂಗ್ಟನ್ ಇದ್ದರೆ ಪ್ರತಿಯೊಂದು ಮಗುವಿಗೂ ಆ ವಂಶವಾಹಿ ಬರುವ ಸಂಭವ ಶೇಕಡಾ 50. ಕಾರಣವಾದ ವಂಶವಾಹಿ 1993ರಲ್ಲಿ ಪತ್ತೆಯಾಗಿ ರಕ್ತಪರೀಕ್ಷೆ ಸಾಧ್ಯವಾಯಿತು. ಸೋದರಮಾವನ ಮದುವೆ, ಅಕ್ಕನ ಮಗಳ ಮದುವೆ ರೂಢಿಯಲ್ಲಿರುವ ನಮ್ಮ ಕಡೆ ‘ರಕ್ತಸಂಬಂಧದಲ್ಲಿ ಮದುವೆಯಾದದ್ದಕ್ಕೇ ಹೀಗಾಯಿತು’ ಎಂದು ಹಿರಿಯರನ್ನು ದೂರುತ್ತಾರೆ. ಕೆಲವು ಅಟಾಕ್ಸಿಯಾಗಳಿಗೆ ಆ ಮಾತು ಸಲ್ಲುತ್ತದೆ, ಹಂಟಿಂಗ್ಟನ್‌ಗೆ ಸಲ್ಲುವುದಿಲ್ಲ. ಅದು ಒಬ್ಬರಿಂದಲೇ ಬರುತ್ತದೆ. ತೂರಾಡುವ ನಡಿಗೆಯನ್ನು ಕಂಡು ಕುಡುಕನೆಂದು ಊರು ಹೆಸರಿಟ್ಟವರ ಮನೆಗಳಲ್ಲಿ, ಇದು ಕಾಯಿಲೆಯೆಂದು ವೈದ್ಯರ ಪತ್ರ ಸಿಕ್ಕಿದ ದಿನ ಹೆಂಡತಿ ಅತ್ತದ್ದನ್ನು ನೋಡಿದ್ದೇನೆ.

ಲಕ್ಷಣಗಳಿಲ್ಲದ ಮಕ್ಕಳು ಪರೀಕ್ಷೆ ಮಾಡಿಸಿಕೊಳ್ಳಬೇಕೆ ಬೇಡವೆ ಎಂಬುದು ವಯಸ್ಕರಾದ ಅವರದೇ ತೀರ್ಮಾನ. 18 ತುಂಬದವರಿಗೆ ಮಾಡಿಸುವುದಿಲ್ಲ, ವಯಸ್ಕರಿಗೂ ವಂಶವಾಹಿ ಆಪ್ತ ಸಮಾಲೋಚನೆಯ ನಂತರವೇ ಮಾಡಬೇಕು. ಮದುವೆಯ ಮಾತುಕತೆ ನಡೆದಾಗ ಗಂಡಿನ ಕಡೆಯವರು ನಮ್ಮನ್ನೇ ಹುಡುಕಿಕೊಂಡು ಬಂದು ಕೇಳುವುದುಂಟು. ನಾವು ಬಾಯಿ ಬಿಡುವಂತಿಲ್ಲ. ಆದರೆ ಆ ಹುಡುಗಿಯ ಅಥವಾ ಹುಡುಗನ ಜೊತೆ ಕೂತು, ಬಾಳಸಂಗಾತಿಯಾಗುವವರಿಗೆ ತಾವೇ ಹೇಳುವ ಧೈರ್ಯ ಬರುವವರೆಗೆ ಜೊತೆಗಿರುವುದು ನಮ್ಮ ಕರ್ತವ್ಯವೆಂದು ನಾನು ತಿಳಿದಿದ್ದೇನೆ.

ಕಾಗದಪತ್ರಗಳ ವಿಷಯದಲ್ಲಿ ಕುಟುಂಬಕ್ಕೆ ಏನೇನು ತಿಳಿಸಬೇಕು?

ಬೇಗ ತಿಳಿಸಬೇಕು, ಅದೇ ಮುಖ್ಯ. ಅಪ್ಪ ಕೊಟ್ಟ ಜಿಪಿಎ (ತಮ್ಮ ಪರವಾಗಿ ವ್ಯವಹರಿಸಲು ಕೊಡುವ ಸಾಮಾನ್ಯ ಅಧಿಕಾರ ಪತ್ರ) ಇದೆಯಲ್ಲ ಎಂದು ಮಕ್ಕಳು ನಿಶ್ಚಿಂತೆಯಿಂದಿರುತ್ತಾರೆ. ಕೊಟ್ಟವರು ಬುದ್ಧಿಸ್ಥಿಮಿತ ಕಳೆದುಕೊಂಡರೆ ಅಧಿಕಾರ ಪತ್ರವೂ ಕೊನೆಗೊಳ್ಳುತ್ತದೆಂದು ಭಾರತೀಯ ಕರಾರು ಕಾಯ್ದೆಯ 201ನೇ ಕಲಮು ಹೇಳುತ್ತದೆ. ಆಮೇಲೆ ಆಸ್ತಿಯ ವ್ಯವಹಾರಕ್ಕೆ ನ್ಯಾಯಾಲಯದ ಮೂಲಕ ಪಾಲಕರನ್ನು ನೇಮಿಸಿಕೊಳ್ಳುವ ದೂರದ ದಾರಿ ಹಿಡಿಯಬೇಕಾಗುತ್ತದೆ. ಆದ್ದರಿಂದ ತಿಳುವಳಿಕೆ ಸ್ಪಷ್ಟವಾಗಿರುವಾಗಲೇ, ವೈದ್ಯರ ಪ್ರಮಾಣಪತ್ರದೊಡನೆ ಉಯಿಲು, ಬ್ಯಾಂಕಿನ ಜಂಟಿ ಖಾತೆ, ನಾಮನಿರ್ದೇಶನಗಳನ್ನು ಮುಗಿಸಿಕೊಳ್ಳಲು ಹೇಳಿ. ಹಾಸಿಗೆ ಹಿಡಿದವರ ಮನೆಗೇ ಉಪನೋಂದಣಾಧಿಕಾರಿ ಬಂದು ನೋಂದಣಿ ಮಾಡಲು ಕಾನೂನಿನಲ್ಲಿ ಅವಕಾಶವಿದೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಪಾರ್ಕಿನ್ಸನ್ ಹೆಸರು ನೇರವಾಗಿಯೇ ಇದೆ, ದೀರ್ಘಕಾಲೀನ ನರಸಂಬಂಧಿ ಸ್ಥಿತಿಗಳಿಗೂ ಸ್ಥಾನವಿದೆ. ಡಿಮೆನ್ಷಿಯಾದ ಹೆಸರು ಪಟ್ಟಿಯಲ್ಲಿ ಇಲ್ಲ, ಮಾನಸಿಕ ಕಾಯಿಲೆಯ ಅಡಿಯಲ್ಲಿ ಪ್ರಮಾಣೀಕರಿಸಬೇಕಾಗುತ್ತದೆ. ಶೇಕಡಾ 40 ಮತ್ತು ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯ ಪ್ರಮಾಣಪತ್ರ ಸಿಕ್ಕಿದರೆ ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಕಾರ್ಡು, ಮಾಸಾಶನ ಮುಂತಾದ ಸೌಲಭ್ಯಗಳಿಗೆ ದಾರಿಯಾಗುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವ ಮಕ್ಕಳಿಗೆ ಡಿಮೆನ್ಷಿಯಾ, ಪಾರ್ಕಿನ್ಸನ್, ಮೋಟಾರ್ ನ್ಯೂರಾನ್ ಮುಂತಾದವುಗಳ ಚಿಕಿತ್ಸೆಯ ಖರ್ಚಿಗೆ 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿಬಿ ಕಲಮಿನಲ್ಲಿ ವಿನಾಯಿತಿ ಇತ್ತೆಂಬುದೇ ಎಷ್ಟೋ ಮಂದಿಗೆ ತಿಳಿದಿರಲಿಲ್ಲ.

ಮಕ್ಕಳಲ್ಲಿ ಜಗಳ, ಮನೆಯಲ್ಲಿ ಹಿರಿಯರ ಕಡೆಗಣನೆ ಕಂಡರೆ?

ದೂರದ ಊರಿನಲ್ಲೋ ವಿದೇಶದಲ್ಲೋ ಇರುವ ಮಗ ವರ್ಷಕ್ಕೊಮ್ಮೆ ಬಂದು, ಅಮ್ಮ ಸೊರಗಿದ್ದಾರೆಂದು ನೋಡಿಕೊಳ್ಳುತ್ತಿರುವ ತಂಗಿಯನ್ನು ದೂರುತ್ತಾನೆ. ಅವನ ನೋವೂ ನಿಜ, ಆದರೆ ಅವನು ಕಂಡದ್ದು ಹತ್ತು ದಿನ. ಇಂಥಲ್ಲಿ ಇಬ್ಬರನ್ನೂ ಕೂರಿಸಿ, ಒಂದು ವಾರದ ಆರೈಕೆಯ ದಿನಚರಿಯನ್ನು ಗಂಟೆಗಂಟೆಯಂತೆ ಬರೆದು ಓದಿಸುತ್ತೇನೆ. ದುಡ್ಡು ಕಳಿಸುವವರು, ವರ್ಷಕ್ಕೆ ಎರಡು ತಿಂಗಳು ಬಂದಿರುವವರು, ಫೋನಿನಲ್ಲಿ ಆಸ್ಪತ್ರೆಯ ಸಮಯ ಗೊತ್ತುಮಾಡುವವರು ಎಂದು ಹಂಚಿಕೊಂಡರೆ ದೂರು ತಗ್ಗುತ್ತದೆ.

ಕಾಯಿಲೆಯವರನ್ನು ಮಂಚಕ್ಕೆ ಕಟ್ಟಿಹಾಕಿದ್ದನ್ನು ಕಂಡಾಗ ಮೊದಲು ಬರುವುದು ಸಿಟ್ಟು. ಆದರೆ ಕಟ್ಟಿದವಳು ಹಗಲು ಕೂಲಿಗೆ ಹೋಗಲೇಬೇಕಾದ ಮಗಳಾಗಿರಬಹುದು. ಗಂಟು ಬಿಚ್ಚಿಸುವುದರ ಜೊತೆಗೆ, ಹಗಲು ಯಾರು ಕೂರಬಲ್ಲರೆಂದು ಅಂದೇ ಹುಡುಕಿಕೊಡದಿದ್ದರೆ ನಾವು ಬೆನ್ನು ತಿರುಗಿಸಿದ ಮೇಲೆ ಮತ್ತೆ ಅದೇ ನಡೆಯುತ್ತದೆ. ಹೊಡೆತ, ಉಪವಾಸ, ಆಸ್ತಿಗಾಗಿ ಪೀಡನೆ ಬೇರೆಯೇ ಮಾತು. ಅಲ್ಲಿ ಹಿಂಜರಿಯದೆ ಹಿರಿಯರ ಸಹಾಯವಾಣಿ 14567ಕ್ಕೆ, ಬೆಂಗಳೂರಿನಲ್ಲಾದರೆ 1090ಕ್ಕೆ ತಿಳಿಸಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಹಾಕಲು ನೆರವಾಗಿ.

ಕೊನೆಯ ದಿನಗಳ ಮಾತನ್ನು ಯಾವಾಗ ಎತ್ತಬೇಕು?

ಕಾಯಿಲೆಯವರು ತಮ್ಮ ಇಷ್ಟವನ್ನು ಹೇಳಬಲ್ಲ ಸ್ಥಿತಿಯಲ್ಲಿರುವಾಗ. ‘ಕೆಟ್ಟ ಮಾತು ಈಗೇಕೆ’ ಎಂದು ಮನೆಯವರು ತಡೆಯುತ್ತಾರೆ, ಆದರೆ ಕಾಯಿಲೆಯವರು ಎಷ್ಟೋ ಸಲ ಆ ಮಾತಿಗಾಗಿ ಕಾಯುತ್ತಿರುತ್ತಾರೆ. ವಾಸಿಯಾಗುವ ಆಸೆಯಿಲ್ಲದ ಸ್ಥಿತಿಯಲ್ಲಿ ಜೀವರಕ್ಷಕ ಯಂತ್ರಗಳು ಬೇಡವೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿತು. 2023ರಲ್ಲಿ ವಿಧಾನವನ್ನು ಸರಳಗೊಳಿಸಿದ್ದರಿಂದ ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ಇದನ್ನು ಜಾರಿಗೊಳಿಸಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ಇದು ಸಾಯಿಸುವುದಲ್ಲ, ಸಹಜವಾದ ಸಾವಿಗೆ ಅಡ್ಡ ನಿಲ್ಲದಿರುವುದು ಎಂದು ಮನೆಯ ಎಲ್ಲರಿಗೂ ಅರ್ಥವಾಗುವವರೆಗೆ ವಿವರಿಸಿ, ತೀರ್ಮಾನವನ್ನು ಅವರಿಗೇ ಬಿಡಿ.

ಈ ಕೆಲಸ ನಮ್ಮನ್ನೇ ಕುಗ್ಗಿಸುವುದಿಲ್ಲವೆ?

ಕುಗ್ಗಿಸುತ್ತದೆ. ಯಾರೂ ಗುಣವಾಗದ ಮನೆಗಳಿಗೆ ದಿನವೂ ಹೋಗುತ್ತೇವೆ. ತಿಂಗಳಿಗೊಮ್ಮೆಯಾದರೂ ಹಿರಿಯ ಸಹೋದ್ಯೋಗಿಯೊಡನೆ ಕಷ್ಟವಾದ ಮನೆಗಳ ಬಗ್ಗೆ ಮಾತನಾಡುವ ಏರ್ಪಾಡು ಇದೆಯೇ ಎಂದು ಕೆಲಸಕ್ಕೆ ಸೇರುವ ಮುಂಚೆಯೇ ಕೇಳಿ. ಇಲ್ಲವೆಂದರೆ ಬೇಕೆಂದು ಪಟ್ಟುಹಿಡಿಯಿರಿ. ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿ 14416 ಕುಟುಂಬಗಳಿಗೆ ಹೇಗೋ ನಮಗೂ ಹಾಗೆಯೇ ತೆರೆದಿದೆ.

ಕಾಯಿಲೆಯವರು ತೀರಿಕೊಂಡ ಮೇಲೆ ನಮ್ಮ ಕೆಲಸ ಮುಗಿಯುತ್ತದೆಯೆ?

ದಾಖಲೆಯಲ್ಲಿ ಮುಗಿಯುತ್ತದೆ. ನಾನು ತಿಥಿಯೆಲ್ಲ ಕಳೆದು, ನೆಂಟರು ಊರಿಗೆ ಮರಳಿ, ಮನೆ ಬಿಕೋ ಎನ್ನುವ ಹೊತ್ತಿಗೆ ಒಂದು ಸಲ ಹೋಗುತ್ತೇನೆ. ಎಂಟು ವರ್ಷ ಇನ್ನೊಬ್ಬರ ಮಾತ್ರೆಯ ಹೊತ್ತಿಗೆ ಏಳುತ್ತಿದ್ದವರಿಗೆ ಬೆಳಗಿನ ಐದು ಗಂಟೆಗೆ ಈಗಲೂ ಎಚ್ಚರವಾಗುತ್ತದೆ, ಎದ್ದು ಏನು ಮಾಡಬೇಕೆಂದು ತೋಚುವುದಿಲ್ಲ. ಸ್ವಲ್ಪ ಹೊತ್ತು ಕೂತು, ಅವರು ಹೇಳುವುದನ್ನೆಲ್ಲ ಕೇಳಿ, ಮಂಚ, ಕಮೋಡ್ ಕುರ್ಚಿ, ನೀರಿನ ಹಾಸಿಗೆ ಇವುಗಳನ್ನು ಬೇರೊಂದು ಮನೆಗೆ ಕೊಡಲು ಇಷ್ಟವಿದೆಯೇ ಎಂದು ಮೆಲ್ಲಗೆ ಕೇಳುತ್ತೇನೆ. ಹೆಚ್ಚಿನವರು ಕೊಡುತ್ತಾರೆ, ಕೆಲವರು ಆ ಕುರ್ಚಿಯನ್ನು ಇನ್ನೂ ಕೆಲವು ತಿಂಗಳು ಅಲ್ಲೇ ಇರಲಿ ಎನ್ನುತ್ತಾರೆ. ಆಮೇಲೆ, ಇಷ್ಟು ದಿನ ‘ಅವರದಾಗಲಿ, ನನ್ನದು ಆಮೇಲೆ ನೋಡೋಣ’ ಎಂದು ಮುಂದೂಡಿದ ಮಂಡಿ ನೋವಿನ ಎಕ್ಸ್‌ರೇಗೋ ಬಿಪಿ ತಪಾಸಣೆಗೋ ಆಸ್ಪತ್ರೆಯಲ್ಲಿ ಆಕೆಯ ಹೆಸರು ಬರೆಸಿ, ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ ಬರುತ್ತೇನೆ.